ಮೇರಿ ಆಂಡರ್ಸನ್

ಮೇರಿ ಆಂಡರ್ಸನ್ (ಫೆಬ್ರವರಿ ೧೯, ೧೮೬೬ – ಜೂನ್ ೨೭, ೧೯೫೩) ಅಮೆರಿಕದ ಆವಿಷ್ಕಾರಕಿ. ವಾಹನಗಳ ಮುಂಭಾಗದ ಗಾಜನ್ನು ಒರೆಸುವ ವೈಪರ್‌ಗೆ ೧೯೦೩ರಲ್ಲಿ ಪೇಟೆಂಟ್ ಪಡೆದ ಇವರಿಗೆ ಆ ಸಾಧನದಿಂದ ಯಾವ ಆದಾಯವೂ ದೊರೆಯಲಿಲ್ಲ.

ಜೀವನ

ಮೇರಿಯವರು ಅಲಬಾಮಾ ರಾಜ್ಯದ ಗ್ರೀನ್ ಕೌಂಟಿಯಲ್ಲಿ ಜನಿಸಿದರು. ೧೮೭೦ರಲ್ಲಿ ತಂದೆ ತೀರಿಕೊಂಡರು. ೧೮೮೯ರಲ್ಲಿ ಕುಟುಂಬ ಬರ್ಮಿಂಗ್‌ಹ್ಯಾಮ್ ನಗರಕ್ಕೆ ಬಂದು ನೆಲೆಸಿತು. ಅಲ್ಲಿ ಅವರು ಫೇರ್‌ಮಾಂಟ್ ಎಂಬ ವಸತಿ ಕಟ್ಟಡವನ್ನು ಕಟ್ಟಿಸಿದರು. ೧೮೯೩ರಿಂದ ೧೮೯೮ರವರೆಗೆ ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ ದನಗಳ ಸಾಕಣೆಯನ್ನೂ ದ್ರಾಕ್ಷಿ ತೋಟವನ್ನೂ ನಡೆಸಿದರು. ಅವರು ವೃತ್ತಿಯಿಂದ ಎಂಜಿನಿಯರ್ ಆಗಿರಲಿಲ್ಲ.

ಆವಿಷ್ಕಾರ

ಒಂದು ಚಳಿಗಾಲದಲ್ಲಿ ಮೇರಿಯವರು ನ್ಯೂಯಾರ್ಕ್ ನಗರಕ್ಕೆ ಹೋಗಿದ್ದರು. ಹಿಮಮಿಶ್ರಿತ ಮಳೆ ಬೀಳುತ್ತಿತ್ತು. ಗಾಜಿನ ಮೂಲಕ ದಾರಿ ಕಾಣದ್ದರಿಂದ ಟ್ರಾಮ್ ಚಾಲಕನು ಮುಂದಿನ ಕಿಟಕಿಯನ್ನು ತೆರೆದಿಟ್ಟು, ಕೊರೆಯುವ ಗಾಳಿಗೆ ಮುಖವೊಡ್ಡಿ ವಾಹನ ನಡೆಸುತ್ತಿದ್ದುದನ್ನು ಅವರು ಗಮನಿಸಿದರು. ಊರಿಗೆ ಮರಳಿದ ಮೇಲೆ, ಒಳಗೆ ಕುಳಿತೇ ಗಾಜನ್ನು ಒರೆಸಬಲ್ಲ ಸಾಧನವೊಂದನ್ನು ರೂಪಿಸಿದರು. ಒಳಗಿನ ಹಿಡಿಯನ್ನು ತಿರುಗಿಸಿದರೆ ಹೊರಗಿನ ರಬ್ಬರ್ ಪಟ್ಟಿ ಗಾಜಿನ ಮೇಲೆ ಅತ್ತಿತ್ತ ಚಲಿಸುತ್ತಿತ್ತು. ಪಟ್ಟಿಯು ಗಾಜಿಗೆ ಒತ್ತಿಕೊಂಡಿರಲು ಸಮತೋಲನದ ತೂಕವನ್ನು ಅಳವಡಿಸಲಾಗಿತ್ತು. ಚಳಿಗಾಲ ಕಳೆದ ಬಳಿಕ ಸಾಧನವನ್ನು ಬಿಚ್ಚಿಡಬಹುದಾಗಿತ್ತು. ನವೆಂಬರ್ ೧೦, ೧೯೦೩ರಂದು ಇದಕ್ಕೆ ೧೭ ವರ್ಷಗಳ ಅವಧಿಯ ಪೇಟೆಂಟ್ ದೊರೆಯಿತು. ಇದಕ್ಕೂ ಮೊದಲು ಇಂಥ ಪ್ರಯತ್ನಗಳು ನಡೆದಿದ್ದವಾದರೂ, ಪರಿಣಾಮಕಾರಿಯಾಗಿ ಕೆಲಸ ಮಾಡಿದ ಮೊದಲ ಸಾಧನ ಇವರದೆಂದು ಪರಿಗಣಿಸಲಾಗಿದೆ.

ನಿರಾಕರಣೆ

೧೯೦೫ರಲ್ಲಿ ಮೇರಿಯವರು ಪೇಟೆಂಟ್ ಹಕ್ಕನ್ನು ಕೆನಡಾದ ಒಂದು ಸಂಸ್ಥೆಗೆ ಮಾರಲು ಯತ್ನಿಸಿದರು. ಸಾಧನಕ್ಕೆ ವಾಣಿಜ್ಯ ಮೌಲ್ಯವಿಲ್ಲವೆಂದು ಆ ಸಂಸ್ಥೆ ತಿರಸ್ಕರಿಸಿತು. ಆಗ ಮೋಟಾರು ವಾಹನಗಳೇ ವಿರಳವಾಗಿದ್ದವು. ೧೯೨೦ರಲ್ಲಿ ಪೇಟೆಂಟ್ ಅವಧಿ ಮುಗಿಯಿತು. ಎರಡೇ ವರ್ಷಗಳಲ್ಲಿ, ೧೯೨೨ರಲ್ಲಿ, ಕ್ಯಾಡಿಲಾಕ್ ಕಂಪನಿಯು ತನ್ನ ಕಾರುಗಳಲ್ಲಿ ವೈಪರ್ ಅನ್ನು ಕಡ್ಡಾಯ ಭಾಗವಾಗಿ ಅಳವಡಿಸತೊಡಗಿತು.

ನಂತರದ ಬೆಳವಣಿಗೆ

ಮೇರಿಯವರ ಸಾಧನವು ಮಳೆ ಮತ್ತು ಹಿಮಕ್ಕಾಗಿ ರೂಪುಗೊಂಡದ್ದು. ಒಣ ಧೂಳಿಗೆ ಅದೊಂದೇ ಸಾಲದು. ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿಗಳಂತಹ ಎರೆಮಣ್ಣಿನ ಸೀಮೆಯಲ್ಲಿ ಬೇಸಿಗೆಯ ಧೂಳು ಕೂತ ಗಾಜನ್ನು ನೀರಿಲ್ಲದೆ ಒರೆಸಿದರೆ ಗೀರು ಬೀಳುತ್ತದೆ. ಈ ಕೊರತೆಯನ್ನು ಮುಂದೆ ಬಂದ ನೀರು ಚಿಮ್ಮುವ ವ್ಯವಸ್ಥೆ ತುಂಬಿತು. ಅದರಲ್ಲಿ ತೊಟ್ಟಿ, ಪಂಪು, ಕೊಳವೆ ಮತ್ತು ಚಿಮ್ಮುರಂಧ್ರಗಳಿರುತ್ತವೆ. ತೊಟ್ಟಿಯಲ್ಲಿ ನೀರಿದ್ದು ಪಂಪಿನ ಸದ್ದು ಕೇಳಿದರೂ ನೀರು ಬಾರದಿದ್ದರೆ, ರಂಧ್ರ ಕಟ್ಟಿರುವುದು ಅಥವಾ ಕೊಳವೆ ಕಳಚಿರುವುದು ಸಾಮಾನ್ಯ ಕಾರಣ. ಸದ್ದೇ ಇಲ್ಲದಿದ್ದರೆ ಫ್ಯೂಸ್, ತಂತಿ ಇಲ್ಲವೆ ಪಂಪನ್ನು ಪರೀಕ್ಷಿಸಬೇಕಾಗುತ್ತದೆ.

ನಿಧನ ಮತ್ತು ಮನ್ನಣೆ

ಮೇರಿಯವರು ಟೆನೆಸ್ಸಿ ರಾಜ್ಯದ ಮಾಂಟೀಗಲ್‌ನಲ್ಲಿ ತಮ್ಮ ೮೭ನೆಯ ವಯಸ್ಸಿನಲ್ಲಿ ನಿಧನರಾದರು. ೨೦೧೧ರಲ್ಲಿ ಅವರ ಹೆಸರನ್ನು ಅಮೆರಿಕದ ರಾಷ್ಟ್ರೀಯ ಆವಿಷ್ಕಾರಕರ ಗೌರವ ಪಟ್ಟಿಗೆ ಸೇರಿಸಲಾಯಿತು.