ರಾಜ್ಯಾಂಗದ ಮೌನಸೇವಕ ಬೆನಗಲ್ ನರಸಿಂಗರಾಯರು

ದಕ್ಷಿಣ ಕನ್ನಡದ ನೆಲದಲ್ಲಿ 1887ರಲ್ಲಿ ಜನ್ಮತಾಳಿದ ಬೆನಗಲ್ ನರಸಿಂಗರಾಯರು ಕೇಂಬ್ರಿಜ್‌ನಲ್ಲಿ ವ್ಯಾಸಂಗ ಮಾಡಿ, ಮುಂದೆ ಕಲ್ಕತ್ತೆಯ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾದ ಅವರು ಆ ಹೊಣೆಯನ್ನು ವೇತನವಿಲ್ಲದೆ ನಿರ್ವಹಿಸಿದರು. ಸಭೆಯ ಸದಸ್ಯರಲ್ಲದ ರಾಯರು 1947ರ ಅಕ್ಟೋಬರಿನಲ್ಲಿ ಒಪ್ಪಿಸಿದ 243 ವಿಧಿ, 13 ಅನುಸೂಚಿಗಳ ಮೂಲ ಕರಡನ್ನೇ ಡಾ. ಅಂಬೇಡ್ಕರರ ಅಧ್ಯಕ್ಷತೆಯ ಸಮಿತಿಯು ತಿದ್ದಿ ಬೆಳೆಸಿತು.

ಅಮೆರಿಕದಲ್ಲಿ ನ್ಯಾಯಮೂರ್ತಿ ಫ್ರಾಂಕ್‌ಫರ್ಟರರೊಡನೆ ಸಮಾಲೋಚಿಸಿ ಮರಳಿದ ರಾಯರು, ವ್ಯಕ್ತಿಸ್ವಾತಂತ್ರ್ಯದ ವಿಧಿಯು ನ್ಯಾಯಾಲಯಗಳಿಗೆ ಅತಿವಿಶಾಲ ಅಧಿಕಾರ ನೀಡಿದಲ್ಲಿ ಜನಹಿತದ ಶಾಸನಗಳು ಕುಂಠಿತವಾದಾವೆಂದು ಭಾವಿಸಿದರು. 21ನೆಯ ವಿಧಿಯ ಪದಗಳು ಅದರಂತೆಯೇ ಸಂಕುಚಿತಗೊಂಡವು. ಇದರಿಂದ ಪ್ರಜೆಯ ರಕ್ಷಣೆ ಕುಂದಿತೆಂಬ ಕೊರಗು ಉಳಿಯಿತು. 1978ರ ಮೇನಕಾ ಗಾಂಧಿ ಮೊಕದ್ದಮೆಯ ತೀರ್ಪು ಅದನ್ನು ಬಹುಮಟ್ಟಿಗೆ ನೀಗಿತು.

1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಪೀಠವೇರಿದ ರಾಯರು 1953ರಲ್ಲಿ ನಿಧನ ಹೊಂದಿದರು. ನ್ಯಾಯಶಾಸ್ತ್ರದ ವಿದ್ಯಾರ್ಥಿಗೆ ಅವರ ನಿಸ್ಪೃಹ ದುಡಿಮೆಯೂ ಆ ಒಂದು ವಿಧಿಯ ವಿವಾದವೂ ಸಮಾನವಾಗಿ ಮನನೀಯ.