ಮರಗಟ್ಟಿದ ಕೈ ಮತ್ತು ಒಬ್ಬ ಇಂಜಿನಿಯರ್

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ರೂಮ್‌ಮೇಟ್ ಬೈಕಿಂದ ಬಿದ್ದು ಮಣಿಕಟ್ಟು ಮುರ್ಕೊಂಡ. ಜರಗನಹಳ್ಳಿಯ ಒಂದು ನರ್ಸಿಂಗ್ ಹೋಮ್‌ನಲ್ಲಿ ಆಪರೇಷನ್ ಆಯ್ತು. ಪ್ರಜ್ಞೆ ತಪ್ಪಿಸಲಿಲ್ಲ, ಕಂಕುಳಲ್ಲಿ ನರಗಳ ಪಕ್ಕ ಇಂಜೆಕ್ಷನ್ ಕೊಟ್ಟು ಕೈಯನ್ನೇ ಮರಗಟ್ಟಿಸಿದ್ರು. ರಾತ್ರಿವರೆಗೂ ನೋವಿಲ್ಲ. ಮರಗಟ್ಟಿಸೋ ಔಷಧಿ ಜಾಸ್ತಿ ಹೊತ್ತು ನಿಲ್ಲಲಿ ಅಂತ ಅದಕ್ಕೆ ಇನ್ನೊಂದು ಔಷಧಿ ಬೆರೆಸಿರ್ತಾರಂತೆ. ಈ ಬೆರಕೆ ಶುರುವಾಗಿದ್ದು ಎಲ್ಲಿಂದ ಅಂತ ಹುಡುಕಿದ್ವಿ. ಸಿಕ್ಕಿದ್ದು ನಮ್ಮ ಥರ ಇಂಜಿನಿಯರಿಂಗ್ ಕಾಲೇಜಲ್ಲಿ ಓದಿದವರು!

ಜೋಕಿಚಿ ತಕಾಮಿನೆ ಹುಟ್ಟಿದ್ದು 1854ರಲ್ಲಿ, ಜಪಾನಿನ ತಕಾಒಕದಲ್ಲಿ. ಅಪ್ಪ ವೈದ್ಯರು, ಅಮ್ಮ ಸಾಕೆ ಮದ್ಯ ತಯಾರಿಸುವ ಮನೆತನದವರು. 1879ರಲ್ಲಿ ಟೋಕಿಯೋದ ಇಂಜಿನಿಯರಿಂಗ್ ಕಾಲೇಜಿನಿಂದ ಪಾಸಾಗಿ, ಗ್ಲಾಸ್ಗೋದಲ್ಲೂ ಓದಿದರು. ಗೊಬ್ಬರದ ಕಂಪನಿ ಕಟ್ಟಿದರು. ಆಮೇಲೆ, 1890ರಲ್ಲಿ, ಅಮೆರಿಕನ್ ಹೆಂಡತಿ ಕ್ಯಾರೊಲಿನ್ ಜೊತೆ ಅಮೆರಿಕಕ್ಕೆ ಹೋದರು. ಸಾಕೆಗೆ ಬಳಸುವ ಕೋಜಿ ಬೂಷ್ಟಿನಿಂದ ವಿಸ್ಕಿ ಮಾಡೋ ಪ್ಲಾನ್ ಅವರದ್ದು. ಪಿಯೋರಿಯಾದಲ್ಲಿದ್ದ ಘಟಕಕ್ಕೆ ಬೆಂಕಿ ಬಿತ್ತು. ಎಲ್ಲಾ ಹೋಯ್ತು. ಅದೇ ಬೂಷ್ಟಿನಿಂದ ಜೀರ್ಣಕ್ಕೆ ಔಷಧಿ ಮಾಡಿ, ಪಾರ್ಕ್-ಡೇವಿಸ್ ಕಂಪನಿ ಮೂಲಕ ಮಾರಿ ಎದ್ದು ನಿಂತರು.

ಮುಂದಿನ ಕೆಲಸ ನ್ಯೂಯಾರ್ಕಿನ ಪುಟ್ಟ ಲ್ಯಾಬ್‌ನಲ್ಲಿ. ಮೂತ್ರಪಿಂಡದ ಮೇಲಿರುವ ಗ್ರಂಥಿಯ ರಸದಲ್ಲಿ ರಕ್ತನಾಳಗಳನ್ನು ಬಿಗಿ ಮಾಡೋ ಏನೋ ಇದೆ ಅಂತ ಗೊತ್ತಿತ್ತು, ಶುದ್ಧವಾಗಿ ತೆಗೆಯೋಕೆ ಮಾತ್ರ ಯಾರಿಗೂ ಆಗಿರಲಿಲ್ಲ. 1900ರಲ್ಲಿ ಅದರ ಹರಳುಗಳು ಸಿಕ್ಕವು. ಅದೇ ಅಡ್ರಿನಾಲಿನ್. ಆದರೆ ಬೆಂಚಿನ ಮುಂದೆ ನಿಂತು ಹರಳು ತೆಗೆದದ್ದು ಅವರ ಸಹಾಯಕ ಕೆಯ್‌ಜೋ ಉಯೆನಾಕ. ಪೇಟೆಂಟ್‌ನಲ್ಲಿ ತಕಾಮಿನೆ ಹೆಸರೊಂದೇ. ಒಬ್ಬ ರೀಡಿಂಗ್ ತಗೊಂಡು, ಇನ್ನೊಬ್ಬ ವೈವಾದಲ್ಲಿ ಮಾರ್ಕ್ಸ್ ಹೊಡೆಯೋದನ್ನ ನೋಡಿರೋ ನಮಗೆ ಇದು ಚುಚ್ಚಿತು. ಹಾಗಂತ ತಕಾಮಿನೆ ಸುಮ್ನೆ ಕೂತಿದ್ದವರಲ್ಲ. ದುಡ್ಡು, ಲ್ಯಾಬ್, ಐಡಿಯಾ ಅವರದ್ದೇ. ಆದ್ರೂ ಎರಡು ಹೆಸರು ಹಿಡಿಸೋಷ್ಟು ಜಾಗ ಆ ಕಾಗದದಲ್ಲಿ ಇತ್ತು ಅನ್ಸುತ್ತೆ.

ಕೆಲವೇ ವರ್ಷಗಳಲ್ಲಿ ಜರ್ಮನಿಯ ಸರ್ಜನ್ ಹೈನ್ರಿಶ್ ಬ್ರೌನ್ ಈ ಅಡ್ರಿನಾಲಿನ್ ಅನ್ನು ಕೊಕೇನ್‌ಗೆ ಬೆರೆಸಿದರು. ಆಗ ಮರಗಟ್ಟಿಸೋಕೆ ಮುಖ್ಯವಾಗಿ ಇದ್ದದ್ದು ಕೊಕೇನ್. ರಕ್ತನಾಳ ಬಿಗಿಯಾದರೆ ಔಷಧಿಯನ್ನು ರಕ್ತ ಬೇಗ ಹೊತ್ತುಕೊಂಡು ಹೋಗಲ್ಲ, ನರದ ಹತ್ತಿರಾನೇ ಉಳಿಯುತ್ತೆ. ಕಾಲುವೆಯ ಗೇಟ್ ಅರ್ಧ ಇಳಿಸಿದ ಹಾಗೆ. ಇವತ್ತು ಡೆಕ್ಸಾಮೆಥಾಸೋನ್ ಥರದ್ದೂ ಬೆರೆಸ್ತಾರೆ, ಅದು ಇನ್ನೂ ಹೆಚ್ಚು ಹೊತ್ತು ನಿಲ್ಲಿಸುತ್ತೆ.

ತಕಾಮಿನೆ ಶ್ರೀಮಂತರಾದರು. 1912ರಲ್ಲಿ ವಾಷಿಂಗ್ಟನ್‌ಗೆ ಬಂದ ಮೂರು ಸಾವಿರ ಚೆರ್ರಿ ಗಿಡಗಳ ಹಿಂದೆಯೂ ಅವರ ದುಡ್ಡಿತ್ತು. (ಜಯನಗರದ ಗುಲಾಬಿ ಹೂವಿನ ಮರಗಳನ್ನು ಚೆರ್ರಿ ಅಂತ ರೀಲ್ಸ್ ಮಾಡೋರು ಗಮನಿಸಿ, ಅದು ತಬೂಬಿಯಾ!) 1922ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು.

ಉಯೆನಾಕ ತಮ್ಮ ಲ್ಯಾಬ್ ನೋಟ್‌ಬುಕ್ ಬಿಟ್ಟುಹೋಗಿದ್ದರು. ಅದು ಜಪಾನಿನ ಒಂದು ದೇವಾಲಯದಲ್ಲಿ ಉಳಿದಿದೆ. ಹರಳು ತೆಗೆದವರು ಯಾರು ಅಂತ ನಮಗೆ ತಿಳಿದದ್ದು ಅದರಿಂದ.