ಮಣ ಒಂದು, ತೂಕ ಮೂರು: ಫ್ರಾನ್ಸಿಸ್ ಬುಕಾನನ್ ಹಿಡಿದ ಲೆಕ್ಕ

ಅಘನಾಶಿನಿ ನದಿ ಕಡಲನ್ನು ಸೇರುವ ತದಡಿಯಲ್ಲಿ ಅಳತೆಗೆ ಸಿಗುವ ಸರಕಿಗೆ ಎಂದೂ ಕೊರತೆಯಿಲ್ಲ. ಧಕ್ಕೆಯಲ್ಲಿ ಮೀನು, ಗಜನಿ ಗದ್ದೆಗಳಲ್ಲಿ ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ, ಸಾಣಿಕಟ್ಟಾದ ಆಗರಗಳಲ್ಲಿ ಉಪ್ಪು. ಇಂದು ಇವೆಲ್ಲಕ್ಕೂ ಕಿಲೋ ಒಂದೇ ಮಾನದಂಡ. ಇನ್ನೂರು ವರ್ಷಗಳ ಹಿಂದೆ ಹಾಗಿರಲಿಲ್ಲ. ಭತ್ತಕ್ಕೆ ಕೊಳಗ, ಖಂಡುಗ; ಮೆಣಸಿಗೆ ಮಣ, ಖಂಡಿ; ಕಂದಾಯಕ್ಕೆ ವರಹ, ಹಣ. ಊರು ಬದಲಾದಂತೆ ಹೆಸರು ಅದೇ ಉಳಿದು, ಅದರ ಒಳಗಿನ ಮೊತ್ತ ಬದಲಾಗುತ್ತಿತ್ತು. 1801ರ ಆರಂಭದ ತಿಂಗಳುಗಳಲ್ಲಿ ಭಟ್ಕಳ, ಹೊನ್ನಾವರ, ಕುಮಟಾ, ಮಿರ್ಜಾನ, ಗೋಕರ್ಣಗಳ ಹಾದಿಯಲ್ಲಿ ಸಾಗಿದ ಸ್ಕಾಟ್‌ಲೆಂಡಿನ ವೈದ್ಯನೊಬ್ಬ ಈ ಗೋಜಲಿನ ಬೆನ್ನು ಹತ್ತಿದ್ದ. ಆತನೇ ಫ್ರಾನ್ಸಿಸ್ ಬುಕಾನನ್.

ಬುಕಾನನ್ ಹುಟ್ಟಿದ್ದು 1762ರ ಫೆಬ್ರವರಿ 15ರಂದು, ಪರ್ತ್‌ಶೈರ್ ಸೀಮೆಯಲ್ಲಿ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದುವಾಗಲೇ ಜಾನ್ ಹೋಪ್ ಎಂಬ ಗುರುವಿನಿಂದ ಸಸ್ಯಶಾಸ್ತ್ರದ ಗೀಳು ಹತ್ತಿತು. 1783ರಲ್ಲಿ ಪದವಿ ಪಡೆದು ಕೆಲವು ವರ್ಷ ಹಡಗುಗಳಲ್ಲಿ ವೈದ್ಯನಾಗಿ ದುಡಿದ ಆತ, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ವೈದ್ಯಕೀಯ ಸೇವೆಗೆ ಸೇರಿದ. ಮರುವರ್ಷವೇ ಬರ್ಮಾದ ಆವಾ ದರ್ಬಾರಿಗೆ ತೆರಳಿದ ನಿಯೋಗದಲ್ಲಿದ್ದ. ಗಿಡಮೂಲಿಕೆಯ ಹುಡುಕಾಟ ಆತನ ಸ್ವಂತ ಹಂಬಲ. ಅಂಕಿಅಂಶಗಳ ಸಂಗ್ರಹ ಕಂಪನಿಯ ಅಗತ್ಯ. ಈ ಎರಡರ ನಡುವೆ ಆತನ ಆಯುಷ್ಯ ಸವೆಯಿತು.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಬಳಿಕ, ಮೈಸೂರು, ಕೆನರಾ, ಮಲಬಾರುಗಳ ಸ್ಥಿತಿಗತಿ ತಿಳಿಯುವ ತವಕ ಗವರ್ನರ್ ಜನರಲ್ ವೆಲ್ಲೆಸ್ಲಿಗೆ. ಆ ಹೊಣೆ ಬುಕಾನನ್ ಹೆಗಲಿಗೆ ಬಿತ್ತು. 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟ ಸವಾರಿ ಮರುವರ್ಷದ ಜುಲೈವರೆಗೂ ನಡೆಯಿತು. ಬೇಸಾಯ, ದನಕರು, ಹತ್ತಿ, ಮೆಣಸು, ಶ್ರೀಗಂಧ, ಏಲಕ್ಕಿ, ಗಣಿ, ಮಗ್ಗ, ಹವೆ, ಜನಜೀವನ ಎಲ್ಲವನ್ನೂ ವಿಚಾರಿಸಿ ವರದಿ ಮಾಡಬೇಕಿತ್ತು. ಕನ್ನಡ ಬಾರದ ಆತ ದುಭಾಷಿಗಳನ್ನು ನೆಚ್ಚಿಕೊಂಡಿದ್ದ. ಕಂದಾಯ ಹೆಚ್ಚೀತೆಂದು ಹೆದರಿದ ರೈತರು ಇಳುವರಿಯನ್ನು ಕಡಿಮೆ ಹೇಳುತ್ತಾರೆಂಬ ಗುಮಾನಿಯೂ ಆತನನ್ನು ಬಿಡಲಿಲ್ಲ. ಆ ಹೆದರಿಕೆ ಅಕಾರಣವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಪ್ರಶ್ನೆ ಕೇಳುತ್ತಿದ್ದುದು ಊರನ್ನು ಆಗಷ್ಟೇ ವಶಪಡಿಸಿಕೊಂಡ ಸರ್ಕಾರ.

ಅಂಕಿ ಕೇಳಿ ಬರೆದುಕೊಳ್ಳುವುದು ಸುಲಭ. ಅಂಕಿಯ ಬೆನ್ನಿಗಂಟಿದ ಮಾನವನ್ನು ಅರ್ಥಮಾಡಿಕೊಳ್ಳುವುದೇ ಕಷ್ಟ. ಹತ್ತು ಮಣ ಮೆಣಸು ಎಂದಾಗ ಅದು ಯಾವ ಮಣ? ಮದರಾಸಿನ ಮಣ 25 ಪೌಂಡು, ಮುಂಬಯಿಯದು 28 ಪೌಂಡು, ಬಂಗಾಳದ ಬಜಾರಿನ ಮಣವಾದರೆ 82 ಪೌಂಡಿಗೂ ಮಿಕ್ಕಿದ್ದು. ಸೇರಿನಲ್ಲಿ ಕಚ್ಚಾ ಮತ್ತು ಪಕ್ಕಾ ಎಂಬ ಭೇದ. ಹಣಕಾಸಿನಲ್ಲಿಯೂ ಇದೇ ತೊಡಕು. ಮದರಾಸಿನ ನಕ್ಷತ್ರ ವರಹಕ್ಕೆ ಮೂರೂವರೆ ರೂಪಾಯಿ. ಕೆನರಾದ ಕಂದಾಯದ ಲೆಕ್ಕದಲ್ಲಿ ಬಳಕೆಯಾದ ಬಹದ್ದೂರಿ ವರಹಕ್ಕೆ ನಾಲ್ಕು. ನೂರು ವರಹದ ಶಿಸ್ತು ಎಂದು ಬರೆದ ಕಾಗದವನ್ನು ಒಬ್ಬ ಗುಮಾಸ್ತ 350 ರೂಪಾಯಿ ಎಂದು ಓದಿದರೆ, ಇನ್ನೊಬ್ಬ 400 ಎಂದು ಓದಬಹುದಿತ್ತು. ನಡುವಿನ ಐವತ್ತು ರೂಪಾಯಿ ಆ ಕಾಲದ ಒಕ್ಕಲಿಗನ ಪಾಲಿಗೆ ಮನೆಮಠ ಮಾರುವಷ್ಟು ದೊಡ್ಡ ಮೊತ್ತ.

ಬುಕಾನನ್ ಈ ತೊಡಕಿಗೆ ಕಂಡುಕೊಂಡ ದಾರಿ ಸರಳವಾದದ್ದು, ಆದರೆ ಬೇಸರ ತರಿಸುವಂಥದ್ದು. ಊರಿನ ಮಾನದ ಹೆಸರನ್ನು ಹಾಗೆಯೇ ಉಳಿಸಿಕೊಂಡು, ಅಳೆಯುವ ಪಾತ್ರೆ ಎಷ್ಟು ಘನ ಅಂಗುಲ ಹಿಡಿಯುತ್ತದೆ, ಸೇರು ಎಷ್ಟು ರೂಪಾಯಿ ನಾಣ್ಯಗಳ ತೂಕಕ್ಕೆ ಸಮ ಎಂಬುದನ್ನು ಆತ ದಾಖಲಿಸುತ್ತ ಹೋದ. ಆಮೇಲೆ ಅದನ್ನು ಬುಷೆಲ್, ಪೌಂಡ್, ಎಕರೆಗಳಿಗೆ ಇಳಿಸಿದ. ಓದುವವನಿಗೆ ಆತನ ಪುಟಗಳು ಕಿರಾಣಿ ಅಂಗಡಿಯ ಖಾತೆಯಂತೆ ತೋರುತ್ತವೆ ಎಂಬುದು ನಿಜ. ಆದರೆ ಮೂಲ ಮಾನವೂ ಪರಿವರ್ತಿತ ಮಾನವೂ ಜೊತೆಯಾಗಿ ಉಳಿದಿರುವುದರಿಂದಲೇ ಆತನ ಲೆಕ್ಕ ಎಲ್ಲಿ ತಪ್ಪಿದೆ ಎಂದು ಇಂದಿಗೂ ಪರೀಕ್ಷಿಸಬಹುದು.

ಗಣಕಯಂತ್ರದ ಕಾಲದಲ್ಲಿಯೂ ಈ ಸಮಸ್ಯೆ ತೀರಿಲ್ಲವೆಂಬುದು ಸೋಜಿಗ. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ರೂಪಿಸಿದ ಸಿ ಭಾಷೆಯಲ್ಲಿ 64ಕೆ ಎಂಬ ಬರಹವನ್ನು ಸಂಖ್ಯೆಯಾಗಿ ಓದಿಸಲು ಎರಡು ದಾರಿಗಳಿವೆ. ಎಟಾಯ್ ಎಂಬ ಆದೇಶ 64ನ್ನು ಎತ್ತಿಕೊಂಡು ಹಿಂದಿನ ಅಕ್ಷರವನ್ನು ಸದ್ದಿಲ್ಲದೆ ಕೈಬಿಡುತ್ತದೆ. ಮಾನವನ್ನು ಮರೆತು ಅಂಕಿಯನ್ನಷ್ಟೇ ನಕಲು ಮಾಡುವ ಗುಮಾಸ್ತನ ರೀತಿ. ಸ್ಟ್ರ್‌ಟಾಲ್ ಎಂಬ ಇನ್ನೊಂದು ಆದೇಶ ಅಂಕಿ ಎಲ್ಲಿ ಮುಗಿಯಿತೆಂಬುದನ್ನೂ ತಿಳಿಸುತ್ತದೆ. ಅಲ್ಲಿಂದ ಮುಂದಿನ ಅಕ್ಷರವನ್ನು ನೋಡಿ, ಕೆ ಎಂದರೆ ಸಾವಿರವೋ 1024 ಓ ಎಂದು ತೀರ್ಮಾನಿಸಿ, ಗುಣಿಸಿದ ಮೊತ್ತ ಯಂತ್ರದ ಮಿತಿಯೊಳಗೆ ಹಿಡಿಯುವುದೇ ಎಂದು ಮೊದಲೇ ನೋಡಿಕೊಳ್ಳುವ ಹೊಣೆ ಮಾತ್ರ ಬರೆಯುವವನದೇ. ಆ ಹೊಣೆ ಜಾರಿದರೆ ಏನಾಗುತ್ತದೆಂಬುದಕ್ಕೆ 1999ರ ಸೆಪ್ಟೆಂಬರಿನಲ್ಲಿ ಮಂಗಳ ಗ್ರಹದ ಬಳಿ ನಾಶವಾದ ನಾಸಾದ ಕ್ಲೈಮೇಟ್ ಆರ್ಬಿಟರ್ ನೌಕೆಯೇ ಸಾಕ್ಷಿ. ಒಂದು ತಂಡದ ತಂತ್ರಾಂಶ ಪೌಂಡಿನ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಮತ್ತೊಂದು ತಂಡ ನ್ಯೂಟನ್ನಿನ ಲೆಕ್ಕವೆಂದು ಓದಿತ್ತು.

ಬುಕಾನನ್‌ನ ಪ್ರವಾಸ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಇಂದು ಉತ್ತರ ಕನ್ನಡದ ಮನೆಗಳ ಗೋಡೆಗೆ ಆಧಾರವಾದ ಚಿರೆಕಲ್ಲಿಗೆ ವಿಜ್ಞಾನದಲ್ಲಿರುವ ಲ್ಯಾಟರೈಟ್ ಎಂಬ ಹೆಸರು ಆ ಗ್ರಂಥದಿಂದಲೇ ಬಂದದ್ದು. ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಕಲ್ಲಿಗೆ ಆತ ಇಟ್ಟ ಹೆಸರದು. ನಡುವೆ ನೇಪಾಳಕ್ಕೆ ಹೋಗಿಬಂದ ಆತ, ವೆಲ್ಲೆಸ್ಲಿಯ ವೈದ್ಯನಾಗಿ ಬ್ಯಾರಕ್‌ಪುರದ ಪ್ರಾಣಿಸಂಗ್ರಹವನ್ನೂ ನೋಡಿಕೊಂಡ. 1807ರಿಂದ 1814ರವರೆಗೆ ಬಂಗಾಳ, ಬಿಹಾರಗಳ ಜಿಲ್ಲೆಗಳನ್ನು ಸುತ್ತಿ ಮತ್ತೆ ಅದೇ ಬಗೆಯ ಲೆಕ್ಕ ಹಿಡಿದ. ಈ ಬಾರಿ ಇನ್ನೂ ವಿಸ್ತಾರವಾಗಿ, ಕೋಷ್ಟಕಗಳ ಸಮೇತ.

ಕೊನೆಯ ದಿನಗಳು ಕಹಿಯಾದವು. ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾಗಿದ್ದು 1815ರಲ್ಲಿ ತಾಯ್ನಾಡಿಗೆ ಮರಳುವಾಗ, ಆತ ಬರೆಸಿದ್ದ ಪ್ರಾಣಿ, ಸಸ್ಯಗಳ ಚಿತ್ರಗಳನ್ನು ಗವರ್ನರ್ ಜನರಲ್ ಹೇಸ್ಟಿಂಗ್ಸ್ ವಶಪಡಿಸಿಕೊಂಡ. ವರ್ಷಗಳ ದುಡಿಮೆ ಹಾಗೆ ಕೈತಪ್ಪಿತು. ಆದರೂ 1822ರಲ್ಲಿ ಗಂಗೆಯ ಮೀನುಗಳ ಕುರಿತ ಗ್ರಂಥ ಹೊರಬಂದಿತು. ರೋಹು, ಕಾಟ್ಲಾ, ಹಿಲ್ಸಾ ಮೀನುಗಳ ವೈಜ್ಞಾನಿಕ ಹೆಸರುಗಳ ಬೆನ್ನಿಗೆ ಇಂದಿಗೂ ಬರೆಯುವುದು ಹ್ಯಾಮಿಲ್ಟನ್ ಎಂಬ ಹೆಸರು. ತಾಯಿಯ ಕಡೆಯ ಆಸ್ತಿಗೆ ವಾರಸುದಾರನಾದಾಗ ಬುಕಾನನ್ ಆ ಹೆಸರನ್ನು ಧರಿಸಿದ್ದ. ಮೀನಿನ ಶಾಸ್ತ್ರದಲ್ಲಿ ಹ್ಯಾಮಿಲ್ಟನ್, ಗಿಡದ ಶಾಸ್ತ್ರದಲ್ಲಿ ಬುಕಾನನ್-ಹ್ಯಾಮಿಲ್ಟನ್, ಮೈಸೂರಿನ ಇತಿಹಾಸದಲ್ಲಿ ಬರಿಯ ಬುಕಾನನ್. ಮೂರೂ ಒಬ್ಬನೇ ಎಂದು ತಿಳಿಯದವರೂ ಉಂಟು.

1829ರ ಜೂನ್ 15ರಂದು ಆತ ಸ್ಕಾಟ್‌ಲೆಂಡಿನಲ್ಲಿ ತೀರಿಕೊಂಡ. ಬಂಗಾಳದ ಸಮೀಕ್ಷೆಯನ್ನು 1838ರಲ್ಲಿ ಮಾಂಟ್‌ಗೊಮರಿ ಮಾರ್ಟಿನ್ ಸಂಕ್ಷೇಪಿಸಿ ಪ್ರಕಟಿಸಿದಾಗ ಮುಖಪುಟದಲ್ಲಿ ಬುಕಾನನ್ ಹೆಸರೇ ಇರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಮೇಶಚಂದ್ರ ದತ್ತರು ಬ್ರಿಟಿಷ್ ಆಳ್ವಿಕೆಯ ಆರ್ಥಿಕ ಇತಿಹಾಸ ಬರೆದಾಗ, ಕಂಪನಿಗಾಗಿ ಕಲೆಹಾಕಿದ ಈ ಅಂಕಿಗಳೇ ಕಂಪನಿಯ ವಿರುದ್ಧ ನುಡಿದವು. 1970ರ ದಶಕದಲ್ಲಿ ಅರ್ಥಶಾಸ್ತ್ರಜ್ಞ ಅಮಿಯ ಬಾಗ್ಚಿ ಬಿಹಾರದ ಕೈಗಾರಿಕೆಗಳ ಕುಸಿತವನ್ನು ಅಳೆಯಲು ಆತನ ಕೋಷ್ಟಕಗಳನ್ನು ಬಳಸಿದಾಗ, ಅವನ್ನು ಓದಬೇಕಾದ ಬಗೆಯ ಕುರಿತೇ ವಿವಾದ ಎದ್ದಿತು.

ಇತ್ತ ತದಡಿಯ ಸೀಮೆ 1862ರಲ್ಲಿ ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಸರ್ಕಾರಿ ಕಾಗದದ ಮಣ 25 ಪೌಂಡಿನ ಸೀಮೆ ಬಿಟ್ಟು 28 ಪೌಂಡಿನ ಸೀಮೆಗೆ ಬಂದಂತಾಯಿತು. 1956ರ ತೂಕ ಮತ್ತು ಅಳತೆ ಕಾಯಿದೆಯ ಬೆನ್ನಿಗೆ, 1958ರಿಂದ ಹಂತಹಂತವಾಗಿ ಕಿಲೋಗ್ರಾಮು ಜಾರಿಯಾಗಿ ಮಣ, ಸೇರುಗಳು ಸರ್ಕಾರಿ ದಫ್ತರಿನಿಂದ ಹೊರಬಿದ್ದವು.